ಬ್ರೇಕ್ ಇನ್ಸ್‌ಪೆಕ್ಟರ್‌ಗೆ ಗಾಡಿ ತೋರಿಸುವ ಮುಂಚೆ

"ಮಾವ, ಇದಕ್ಕೆ ಬ್ರೇಕೇ ಇಲ್ಲವಲ್ಲ!"

ಅಕ್ಕನ ಮಗ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಹೆಲ್ಮೆಟ್ ತೆಗೆಯುವ ಮೊದಲೇ ಹೇಳಿದ ಮಾತು ಇದು. ದಸರಾ ರಜೆಗೆ ಬಂದಿದ್ದ. ಅವನಿಗೆ 19 ವರ್ಷ. ಲೈಸೆನ್ಸ್ ಸಿಕ್ಕಿ ಆರು ತಿಂಗಳಾಗಿದೆ. ಪೇಟೆಯಿಂದ ಅಮ್ಮನ ಮಾತ್ರೆ ತರುತ್ತೇನೆ ಅಂತ ನನ್ನ ಸ್ಪ್ಲೆಂಡರ್ ತೆಗೆದುಕೊಂಡು ತೀರ್ಥಹಳ್ಳಿಗೆ ಹೋಗಿದ್ದ. ಬರುವಾಗ ನಮ್ಮ ಮನೆಯ ಇಳುಕಲಿನಲ್ಲಿ ಬೇಲಿ ಬಾಗಿಲಿನ ದಣಪೆಗೆ ಗುದ್ದುವುದು ಸ್ವಲ್ಪದರಲ್ಲಿ ತಪ್ಪಿದೆ. ಬೂಟಿನ ಹಿಮ್ಮಡಿ ಉಜ್ಜಿದ ಗುರುತು ಕೆಂಪು ಮಣ್ಣಿನ ಮೇಲೆ ಎರಡು ಮಾರು ಉದ್ದಕ್ಕೆ ಬಿದ್ದಿತ್ತು.

"ಇದೆ ಮಾರಾಯ, ಸ್ವಲ್ಪ ಗಟ್ಟಿ ಹಿಡೀಬೇಕು ಅಷ್ಟೆ" ಅಂದೆ.

ಅಂದ ಮೇಲೆ ಆ ಗುರುತನ್ನು ನೋಡುತ್ತಾ ನಿಂತೆ. ದಿನಾ ಅದೇ ಇಳುಕಲಿನಲ್ಲಿ ನಾನು ಇಳಿಯುತ್ತೇನೆ. ದಣಪೆಯ ಹತ್ತಿರ ಸರಿಯಾಗಿ ನಿಲ್ಲುತ್ತೇನೆ. ಹೇಗೆ ನಿಲ್ಲುತ್ತಿದ್ದೆ ಅಂತ ಯೋಚಿಸಿದರೆ, ಹಲಸಿನ ಮರದ ಹತ್ತಿರವೇ ಎರಡನೇ ಗೇರಿಗೆ ಇಳಿಸುತ್ತೇನೆ. ಅಲ್ಲಿಂದಲೇ ನಾಲ್ಕೂ ಬೆರಳು ಹಾಕಿ ಮುಂದಿನ ಬ್ರೇಕ್ ಹಿಡಿಯುತ್ತೇನೆ. ಲಿವರ್ ಹೆಚ್ಚುಕಮ್ಮಿ ಹ್ಯಾಂಡಲ್ ಗ್ರಿಪ್ಪಿಗೆ ತಾಗುವವರೆಗೂ ಬರುತ್ತದೆ. ಇದನ್ನೆಲ್ಲ ನನಗೆ ಯಾರೂ ಹೇಳಿಕೊಟ್ಟಿಲ್ಲ. ಬ್ರೇಕ್ ಸವೆದಂತೆಲ್ಲ ಕೈ ತಾನೇ ಕಲಿತುಕೊಂಡಿದೆ. ಹುಡುಗನ ಕೈಗೆ ಅದು ಗೊತ್ತಿರಲಿಲ್ಲ. ಅವನು ಬ್ರೇಕ್ ಇದೆ ಅಂತ ನಂಬಿ ಹಿಡಿದ.

ಗಾಡಿಯ ಆರ್‌ಸಿ ಮುಗಿಯುವುದಕ್ಕೆ ಇನ್ನು ತಿಂಗಳು ಚಿಲ್ಲರೆ ಇತ್ತು. ಎಫ್‌ಸಿಗೆ, ಅಂದರೆ ಗಾಡಿ ಓಡಿಸಲು ಯೋಗ್ಯವಾಗಿದೆ ಅಂತ ಆರ್‌ಟಿಒದ ಬ್ರೇಕ್ ಇನ್ಸ್‌ಪೆಕ್ಟರ್‌ಗೆ ತೋರಿಸಿ ನೋಂದಣಿ ಮುಂದುವರಿಸುವುದಕ್ಕೆ, ಹೋಗಬೇಕು ಅನ್ನುವುದು ತಲೆಯಲ್ಲಿತ್ತು. ತೊಳೆದು, ಬಲ್ಬ್ ನೋಡಿ, ಎಮಿಷನ್ ಮಾಡಿಸಿ ಒಯ್ದರೆ ಆಯಿತು ಅಂದುಕೊಂಡಿದ್ದೆ. ಅವತ್ತಿನಿಂದ ಲೆಕ್ಕ ಬದಲಾಯಿತು.

ಈ ಸ್ಪ್ಲೆಂಡರ್ ಅಪ್ಪಯ್ಯ 1995ರಲ್ಲಿ ಅಡಿಕೆ ದುಡ್ಡಿನಲ್ಲಿ ತೆಗೆದುಕೊಂಡಿದ್ದು. ಹೀರೋ ಹೋಂಡಾ ಕಂಪನಿ ಸ್ಪ್ಲೆಂಡರ್ ಬಿಟ್ಟು ಆಗಿನ್ನೂ ಒಂದು ವರ್ಷವಾಗಿತ್ತು. ಅದಕ್ಕಿಂತ ಮೊದಲು ಸಿಡಿ 100 ಇತ್ತು. ಪೆಟ್ರೋಲ್ ತುಂಬಿಸಿ, ಮುಚ್ಚಳ ಹಾಕಿ, ಮರೆತುಬಿಡಿ ಅನ್ನುವ ಅರ್ಥದ ಅದರ ಜಾಹೀರಾತು ನಮ್ಮ ಕಾಲದವರಿಗೆಲ್ಲ ನೆನಪಿರುತ್ತದೆ. ಸ್ಪ್ಲೆಂಡರಿನ 97.2 ಸಿಸಿ ಇಂಜಿನ್ನೂ ಅದೇ ಜಾತಿಯದು. ಆ ಇಂಜಿನ್ ನಿಜಕ್ಕೂ ಮರೆತುಬಿಡುವಷ್ಟು ಒಳ್ಳೆಯದು. 30 ವರ್ಷದಲ್ಲಿ ಒಂದೇ ಸಲ ಬೋರ್ ಮಾಡಿಸಿದ್ದೇವೆ. ಆದರೆ ಇಂಜಿನ್ ಚೆನ್ನಾಗಿದೆ ಅನ್ನುವ ಧೈರ್ಯದಲ್ಲಿ ಉಳಿದದ್ದನ್ನೂ ಮರೆತುಬಿಡುತ್ತೇವೆ. ನನಗೆ ಆಗಿದ್ದು ಅದೇ.

ನಿಯಮದ ಮಾತು ಬೇಗ ಮುಗಿಸುತ್ತೇನೆ. ಮನೆ ಬಳಕೆಯ ಬೈಕಿಗೆ ಮೊದಲ ನೋಂದಣಿ 15 ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ, ಪ್ರತಿ ಸಲವೂ ಗಾಡಿಯನ್ನು ತೋರಿಸಬೇಕು. ನಮ್ಮದು 2010ರಲ್ಲಿ ಮೊದಲ ಸಲ ಹೋಯಿತು. ಅದೇ ವರ್ಷ ಅಪ್ಪಯ್ಯನ ಹೆಸರಿನಿಂದ ನನ್ನ ಹೆಸರಿಗೂ ಬಂತು. ಆಮೇಲೆ 2015, 2020, ಈ ಸಲ 2025. ಅವಧಿ ಮುಗಿಯುವ ಮುಂಚಿನ 60 ದಿನದೊಳಗೆ ಫಾರಂ 25ರಲ್ಲಿ ಅರ್ಜಿ ಹಾಕಬಹುದು. ತಡವಾದರೆ ಬೈಕಿಗೆ ತಿಂಗಳಿಗೆ 300 ರೂಪಾಯಿ ದಂಡ ಬೀಳುತ್ತದೆ. 20 ವರ್ಷ ದಾಟಿದ ಬೈಕಿಗೆ ನವೀಕರಣದ ಫೀ 2025ರ ಆಗಸ್ಟ್‌ನಿಂದ 2000 ರೂಪಾಯಿ ಆಗಿದೆ. ಜೊತೆಗೆ ಹಸಿರು ತೆರಿಗೆ ಇದೆ. ಇನ್ಶೂರೆನ್ಸ್, ಎಮಿಷನ್ ಚಾಲ್ತಿಯಲ್ಲಿರಬೇಕು. 2019ರ ಏಪ್ರಿಲ್‌ಗಿಂತ ಹಳೆಯ ಗಾಡಿಗಳಿಗೂ ಹೊಸ ನಮೂನೆಯ ನಂಬರ್ ಪ್ಲೇಟ್ ಬೇಕು ಅಂತ 2023ರಲ್ಲಿ ಆದೇಶ ಬಂದಾಗಲೇ ಅದನ್ನು ಹಾಕಿಸಿಯಾಗಿತ್ತು.

ಇಷ್ಟೂ ಕಾಗದದ ಕೆಲಸ. ಒಂದು ಸಂಜೆ ಕೂತರೆ ಆಗುತ್ತದೆ.

ಆಯುಧ ಪೂಜೆಗೆ ಇನ್ನೂ ಎರಡು ದಿನ ಇತ್ತು. ಹೇಗೂ ಗಾಡಿ ತೊಳೆಯಬೇಕು. ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿ ಗೋಣಿಚೀಲ ಹಾಸಿ, ಅಕ್ಕನ ಮಗನನ್ನೂ ಕೂರಿಸಿಕೊಂಡು ಮುಂದಿನ ಚಕ್ರ ಬಿಚ್ಚಿದೆ.

ಬಿಚ್ಚುವ ಮೊದಲೇ ಒಂದು ವಿಷಯ ಕಣ್ಣಿಗೆ ಬಿತ್ತು. ಬ್ರೇಕ್ ಕೇಬಲ್ಲಿನ ಕೊನೆಯಲ್ಲಿ ಅಡ್ಜಸ್ಟ್ ಮಾಡುವ ನಟ್ಟು ಇರುತ್ತದಲ್ಲ, ಅದು ಥ್ರೆಡ್ಡಿನ ಕೊನೆಗೆ ಬಂದು ನಿಂತಿತ್ತು. ಬ್ರೇಕ್ ಸಡಿಲ ಅನ್ನಿಸಿದಾಗಲೆಲ್ಲ ನಾನೇ ಎರಡು ಸುತ್ತು ತಿರುಗಿಸುತ್ತಿದ್ದೆ. ಹಾಗೆ ತಿರುಗಿಸಿದ ಪ್ರತಿ ಸಲವೂ ರಿಪೇರಿ ಆಯಿತು ಅಂದುಕೊಂಡಿದ್ದೆ. ಚಕ್ರದ ನಡುವಿನ ಬ್ರೇಕ್ ಡ್ರಮ್ಮಿನ ಹೊರಗಿನ ಸಣ್ಣ ತೋಳಿನ ಬುಡದಲ್ಲಿ ಒಂದು ಬಾಣದ ಗುರುತು ಇದೆ. ಅದರ ಎದುರಿಗೆ ತಟ್ಟೆಯ ಮೇಲೆ ಇನ್ನೊಂದು ಗುರುತು. ಬ್ರೇಕ್ ಪೂರ್ತಿ ಹಿಡಿದಾಗ ಬಾಣ ಆ ಗುರುತಿಗೆ ಬಂದರೆ ಒಳಗಿನ ಲೈನಿಂಗ್, ಅಂದರೆ ಡ್ರಮ್ಮಿಗೆ ಉಜ್ಜಿ ಹಿಡಿಯುವ ಪದರ, ಮುಗಿಯಿತು ಅಂತ ಅರ್ಥ. ಹುಡುಗನಿಗೆ ಲಿವರ್ ಹಿಡಿಯಲು ಹೇಳಿ ಬಗ್ಗಿ ನೋಡಿದೆ. ಬಾಣ ಗುರುತನ್ನು ದಾಟಿ ಮುಂದೆ ಹೋಗಿತ್ತು.

ಈ ಬ್ರೇಕಿನ ಕೆಲಸ ಸರಳ. ನಾವು ಲಿವರ್ ಹಿಡಿದರೆ ಕೇಬಲ್ ಆ ತೋಳನ್ನು ಎಳೆಯುತ್ತದೆ. ತೋಳು ಒಳಗೆ ಒಂದು ಚಪ್ಪಟೆ ಕೀಲಿಯನ್ನು ತಿರುಗಿಸುತ್ತದೆ. ಕೀಲಿ ತಿರುಗಿದಾಗ ಎರಡು ಶೂ ಅಗಲವಾಗಿ, ತಿರುಗುತ್ತಿರುವ ಡ್ರಮ್ಮಿಗೆ ಒಳಗಿನಿಂದ ಉಜ್ಜುತ್ತವೆ. ಒಂದು ಶೂವನ್ನು ಡ್ರಮ್ಮೇ ತನ್ನ ಕಡೆಗೆ ಎಳೆದುಕೊಳ್ಳುತ್ತದೆ, ಹಾಗಾಗಿ ಅದು ಜಾಸ್ತಿ ಹಿಡಿಯುತ್ತದೆ. ಲೈನಿಂಗ್ ಸವೆದಷ್ಟೂ ಕೀಲಿ ಜಾಸ್ತಿ ತಿರುಗಬೇಕು, ತೋಳು ಜಾಸ್ತಿ ವಾಲಬೇಕು. ವಾಲಿದ ತೋಳನ್ನು ಕೇಬಲ್ ಎಷ್ಟು ಎಳೆದರೂ ಅದಕ್ಕೆ ಮೊದಲಿನ ಬಲ ಬರುವುದಿಲ್ಲ. ನಟ್ಟು ತಿರುಗಿಸಿ ಲಿವರಿನ ಸಡಿಲ ತೆಗೆಯಬಹುದು, ಈ ಬಲವನ್ನು ವಾಪಸ್ ತರಲು ಆಗುವುದಿಲ್ಲ.

ಡ್ರಮ್ ತೆರೆದರೆ ಒಳಗೆ ಕಪ್ಪು ಅಂಟು. ಮಳೆಗಾಲದ ನೀರು, ಲೈನಿಂಗಿನ ಪುಡಿ, ನಮ್ಮ ಕೆಂಪು ಮಣ್ಣು ಸೇರಿ ಮಸಿಯಂತೆ ಮೆತ್ತಿಕೊಂಡಿತ್ತು. ಹುಡುಗ ಊದಲು ಬಾಯಿ ಹತ್ತಿರ ತಂದ. ಬೇಡ ಅಂದೆ. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು. ಆ ಪುಡಿ ಶ್ವಾಸಕೋಶಕ್ಕೆ ಹೋಗಬಾರದು. ಒದ್ದೆ ಬಟ್ಟೆಯಲ್ಲಿ ಒರೆಸಿ ಬಟ್ಟೆಯನ್ನೇ ಎಸೆಯಬೇಕು.

ಶೂ ಕೈಗೆ ಬಂತು. ಒಂದು ತುದಿಯಲ್ಲಿ ಲೈನಿಂಗ್ ಬೆರಳಿನ ಉಗುರಿನಷ್ಟು ತೆಳ್ಳಗೆ ಉಳಿದಿತ್ತು. ಮೇಲ್ಮೈ ಗಾಜಿನಂತೆ ಹೊಳೆಯುತ್ತಿತ್ತು, ಬೆರಳು ಇಟ್ಟರೆ ಜಾರುತ್ತಿತ್ತು. ಅದನ್ನು ಹುಡುಗನ ಕೈಗೆ ಕೊಟ್ಟೆ. ಅವನು ತಿರುಗಿಸಿ ತಿರುಗಿಸಿ ನೋಡಿದ. "ಇದರ ಮೇಲೆ ಅಜ್ಜಿನ ಕೂರಿಸಿಕೊಂಡು ಹೋಗ್ತಿದ್ರಾ ಮಾವ?" ಅಂತ ಕೇಳಿದ. ಹೌದು ಅಂದೆ. ಪ್ರತಿ ತಿಂಗಳೂ ಬಿಪಿ ತೋರಿಸಲು ಅಮ್ಮ ಇದೇ ಗಾಡಿಯ ಹಿಂದೆ ಕೂತು ಬರುತ್ತಾಳೆ. ಆ ಪ್ರಶ್ನೆಯ ನಂತರ ಸ್ವಲ್ಪ ಹೊತ್ತು ಕೆಲಸ ಮಾಡಲು ಆಗಲಿಲ್ಲ.

ಕೀಲಿ ಒಣಗಿ ಬಿಗಿದುಕೊಂಡಿತ್ತು. ಸೀಮೆಎಣ್ಣೆ ಹಚ್ಚಿ, ಮರಳುಕಾಗದದಲ್ಲಿ ಉಜ್ಜಿ, ಗ್ರೀಸ್ ತೆಳುವಾಗಿ ಸವರಿದೆ. ಗ್ರೀಸ್ ಜಾಸ್ತಿಯಾದರೆ ಬಿಸಿಗೆ ಕರಗಿ ಲೈನಿಂಗಿಗೆ ಇಳಿಯುತ್ತದೆ, ಆಮೇಲೆ ಬ್ರೇಕ್ ಹಿಡಿಯುವುದೇ ಇಲ್ಲ. ಕೇಬಲ್ಲಿನ ಒಳತಂತಿ ಲಿವರ್ ಹತ್ತಿರ ಎರಡು ಎಳೆ ಕಿತ್ತಿತ್ತು. ಶೂ, ಸ್ಪ್ರಿಂಗು, ಕೇಬಲ್ ಎಲ್ಲ ಹೊಸದು ಹಾಕಿದ್ದಾಯಿತು. ಇನ್ನೂ ನಟ್ಟನ್ನು ಅರ್ಧ ಥ್ರೆಡ್ ಕೂಡ ತಿರುಗಿಸಿರಲಿಲ್ಲ, ಬ್ರೇಕ್ ಸರಿಯಾಗಿ ಕೂತಿತ್ತು.

ಮಾರನೇ ದಿನ ತುಕ್ಕಿನ ಸರದಿ.

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ನಮ್ಮ ಊರಿನಲ್ಲಿ ಅಷ್ಟಿಲ್ಲ, ಆದರೂ ಜೂನ್‌ನಿಂದ ನಾಲ್ಕು ತಿಂಗಳು ಗಾಡಿ ಒಣಗುವುದಿಲ್ಲ. ಅದರ ಮೇಲೆ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಅಡಿಕೆಗೆ ಕೊಳೆ ರೋಗ ಬರದಂತೆ ಮಳೆ ಶುರುವಾಗುವ ಹೊತ್ತಿಗೆ ಒಂದು ಸಲ, ಆಮೇಲೆ 30-45 ದಿನಕ್ಕೆ ಇನ್ನೊಂದು ಸಲ ಬೋರ್ಡೋ ದ್ರಾವಣ ಹೊಡೆಯುತ್ತೇವೆ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಸುಣ್ಣ ಸಾಕಾಯಿತೋ ಇಲ್ಲವೋ ಅಂತ ನೋಡಲು ಅಪ್ಪಯ್ಯ ಕತ್ತಿಯ ಮೊನೆಯನ್ನು ದ್ರಾವಣಕ್ಕೆ ಅದ್ದುತ್ತಿದ್ದರು. ಕಬ್ಬಿಣದ ಮೇಲೆ ಕೆಂಪು ತಾಮ್ರ ಕೂತರೆ ಸುಣ್ಣ ಸಾಲದು. ತಾಮ್ರ ಕೂರುವಾಗ ಅಲ್ಲಿ ಕಬ್ಬಿಣ ಕರಗುತ್ತಿರುತ್ತದೆ.

ಆ ಮೈಲುತುತ್ತದ ಚೀಲಗಳನ್ನು 30 ವರ್ಷದಿಂದ ಪೇಟೆಯಿಂದ ಮನೆಗೆ ಹೊತ್ತು ತಂದಿದ್ದು ಇದೇ ಗಾಡಿಯ ಕ್ಯಾರಿಯರ್. ಚೀಲದ ಮೂಲೆಯಿಂದ ಉದುರಿದ ನೀಲಿ ಹರಳು, ಮೇಲಿಂದ ಮಳೆ ನೀರು. ಅಲ್ಲಿ ಸುಣ್ಣ ಎಲ್ಲಿ ಬರಬೇಕು? ಕ್ಯಾರಿಯರ್ ಬಿಚ್ಚಿ ನೋಡಿದರೆ ಅದರ ಕೆಳಗಿನ ಪಟ್ಟಿ ಹಪ್ಪಳದ ಹಾಗೆ ಪದರ ಪದರವಾಗಿ ಏಳುತ್ತಿತ್ತು. ಸ್ಕ್ರೂಡ್ರೈವರ್ ಚುಚ್ಚಿದರೆ ತೂರಿಹೋಯಿತು. ಹಿಂದಿನ ಮಡ್‌ಗಾರ್ಡಿನ ಬೋಲ್ಟುಗಳಿಗೆ ತಲೆಯೇ ಇರಲಿಲ್ಲ. ಸೀರೆ ಗಾರ್ಡನ್ನು ಹಿಡಿದ ಕೊಂಡಿಯಲ್ಲಿ ಒಂದು ಕಡೆ ಮುರಿದು, ಯಾವಾಗಲೋ ನಾನು ಕಟ್ಟಿದ ತಂತಿ ಮಾತ್ರ ಇತ್ತು. ಹಿಂದೆ ಕೂರುವವರ ಬಟ್ಟೆ ಚಕ್ರಕ್ಕೆ ಸಿಗದಂತೆ ಆ ತಡೆ ಇರಲೇಬೇಕು ಅಂತ ಕಾನೂನೇ ಇದೆ. ಕೈಗೆ ಹಿಡಿ, ಕಾಲಿಗೆ ಫುಟ್‌ರೆಸ್ಟ್, ಚಕ್ರಕ್ಕೆ ಮರೆ. ಹೆಂಗಸರು ಸೀರೆ ಉಟ್ಟು ಒಂದೇ ಕಡೆ ಕಾಲು ಹಾಕಿ ಕೂರುವ ನಮ್ಮಲ್ಲಿ ಇದು ಎಷ್ಟು ಮುಖ್ಯ ಅಂತ ಬೇರೆ ಹೇಳಬೇಕಾಗಿಲ್ಲ.

ಇದಕ್ಕೆ ನಾನು ಗ್ಯಾರೇಜಿಗೇ ಹೋದೆ. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ವರೆಗೂ ಹೋಗುವ ಯೋಚನೆ ಇತ್ತು. ಆದರೆ ನಮ್ಮ ಪೇಟೆಯ ಭಾಯಿ ಈ ಗಾಡಿಯನ್ನು ಇಪ್ಪತ್ತು ವರ್ಷದಿಂದ ನೋಡಿದವರು. ಅವರು ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಮುಂದಿನ ಚಕ್ರ ಎತ್ತಿಸಿ, ಫೋರ್ಕಿನ ಕೆಳತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದರು. ಟಕ್ ಟಕ್ ಅಂತ ಸದ್ದು. ಹ್ಯಾಂಡಲ್ ತಿರುಗುವ ಕಡೆಯ ಬೇರಿಂಗ್, ಕೋನ್ ಸೆಟ್ ಅನ್ನುತ್ತಾರಲ್ಲ, ಅದು ಹೋಗಿತ್ತು. ಹ್ಯಾಂಡಲನ್ನು ನಿಧಾನಕ್ಕೆ ತಿರುಗಿಸಿದರೆ ನೇರಕ್ಕೆ ಬಂದಾಗ ಒಂದು ಕಡೆ ಗಕ್ಕನೆ ಹಿಡಿದುಕೊಳ್ಳುತ್ತಿತ್ತು. "ಭಟ್ರೆ, ಇದು ನಿಮಗೆ ಗೊತ್ತಾಗ್ಲಿಲ್ವಾ?" ಅಂದರು. ಗೊತ್ತಾಗಿರಲಿಲ್ಲ. ಗಾಡಿ ಸೀದಾ ಹೋಗುತ್ತದೆ, ಬಹಳ ಗಟ್ಟಿಯಾಗಿ ಕೂರುತ್ತದೆ ಅಂತ ಖುಷಿಪಟ್ಟಿದ್ದೆ.

ಸೈಲೆನ್ಸರ್ ಬೇರೆ ಕತೆ. ಹೊರಗಿನಿಂದ ಕ್ರೋಮ್ ಅಷ್ಟೇನೂ ಹಾಳಾಗಿರಲಿಲ್ಲ. ತಳದಲ್ಲಿ ಬಟಾಣಿ ಗಾತ್ರದ ತೂತು. ಮಳೆ ನೀರೇ ಕಾರಣ ಅಂದುಕೊಂಡಿದ್ದೆ. ಭಾಯಿ ಬೇರೆ ಹೇಳಿದರು. ಪೆಟ್ರೋಲ್ ಉರಿದರೆ ನೀರೂ ಹುಟ್ಟುತ್ತದೆ, ಒಂದು ಲೀಟರ್ ಪೆಟ್ರೋಲಿಗೆ ಹೆಚ್ಚುಕಮ್ಮಿ ಒಂದು ಲೀಟರ್. ದೂರ ಓಡಿಸಿದರೆ ಸೈಲೆನ್ಸರ್ ಕಾದು ಅದು ಆವಿಯಾಗಿ ಹೊರಗೆ ಹೋಗುತ್ತದೆ. ತೋಟಕ್ಕೆ, ಡೈರಿಗೆ, ಅಂಗಡಿಗೆ ಅಂತ ಎರಡೆರಡು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಒಳಗೇ ತಂಪಾಗಿ ನಿಲ್ಲುತ್ತದೆ. ನಮ್ಮ ಹಳ್ಳಿ ಗಾಡಿಗಳ ಸೈಲೆನ್ಸರ್ ಒಳಗಿನಿಂದ ತಿಂದು ಹೋಗುವುದು ಹೀಗೆ.

ತೂತು ಮುಚ್ಚದೆ ಎಮಿಷನ್ ಟೆಸ್ಟ್ ಮಾಡಿಸುವುದು ಸರಿಯಲ್ಲ. ಹೊರಗಿನ ಗಾಳಿ ಸೇರಿ ಯಂತ್ರಕ್ಕೆ ಹೊಗೆ ತೆಳುವಾಗಿ ಕಾಣುತ್ತದೆ. ಬೆಸುಗೆ ಹಾಕಿಸಿಯೇ ಹೋದೆ. ನಮ್ಮ ಗಾಡಿ 2000ಕ್ಕಿಂತ ಹಿಂದಿನದಾದ್ದರಿಂದ ಕಾರ್ಬನ್ ಮೊನಾಕ್ಸೈಡ್ ಶೇಕಡಾ 4.5ರೊಳಗೆ ಇದ್ದರೆ ಸಾಕು. ಅದು ಬಹಳ ಉದಾರವಾದ ಮಿತಿ. ಆದರೂ ಮೊದಲ ಸಲ ಹೊಗೆ ಆ ಮಿತಿಯನ್ನೂ ಮೀರಿತು. ಏರ್ ಫಿಲ್ಟರಿನ ಸ್ಪಂಜು ತೆಗೆದು ನೋಡಿದರೆ ತೇವ ಹಿಡಿದು, ಅಡಿಕೆ ಸಿಪ್ಪೆಯ ಧೂಳು ತುಂಬಿ ಮುದ್ದೆಯಾಗಿತ್ತು. ಗಾಳಿ ಸಿಗದ ಇಂಜಿನ್ ಪೆಟ್ರೋಲನ್ನು ಅರ್ಧ ಸುಡುತ್ತದೆ. ಸ್ಪಂಜು ಬದಲಿಸಿ, ಗಾಳಿ ಹೊಂದಿಸುವ ಏರ್ ಸ್ಕ್ರೂವನ್ನು ಭಾಯಿ ಕಿವಿಗೊಟ್ಟು ಕೂರಿಸಿದ ಮೇಲೆ 2ರ ಕೆಳಗೆ ಬಂತು. ಮನೆಗೆ ಬಂದಾಗ ಜಗಲಿಯಲ್ಲಿ ಕೂತಿದ್ದ ಅಪ್ಪಯ್ಯ, "ಏನೋ ಸದ್ದು ಬದಲಾಗಿದೆ ಅಲ್ವಾ?" ಅಂತ ಕೇಳಿದರು. ಅವರು ಗಾಡಿ ಓಡಿಸುವುದು ಬಿಟ್ಟು ಹನ್ನೆರಡು ವರ್ಷ ಆಯಿತು. ಕಿವಿ ಬಿಟ್ಟಿಲ್ಲ.

ಬೆಳಕಿನ ಕೆಲಸ ಸಣ್ಣದು. ಹಿಂದಿನ ಬ್ರೇಕ್ ತುಳಿದರೆ ಕೆಂಪು ದೀಪ ಹತ್ತಬೇಕು. ಸ್ವಿಚ್ಚಿಗೆ ಪೆಡಲಿನಿಂದ ಒಂದು ತೆಳು ಸ್ಪ್ರಿಂಗ್ ಇರುತ್ತದೆ, ಅದು ತುಕ್ಕು ಹಿಡಿದು ಕಡಿದಿತ್ತು. ಹತ್ತು ರೂಪಾಯಿಯ ವಸ್ತು. ಮಂಜಿನಲ್ಲಿ ಹಿಂದೆ ಬರುವ ಲಾರಿಯವನಿಗೆ ನಾನು ನಿಲ್ಲುತ್ತಿದ್ದೇನೆ ಅಂತ ಹೇಳುವುದು ಅದೊಂದೇ. ಎಷ್ಟು ದಿನದಿಂದ ಹತ್ತುತ್ತಿರಲಿಲ್ಲವೋ. ಓಡಿಸುವವನಿಗೆ ತನ್ನ ಬೆನ್ನ ಹಿಂದಿನ ದೀಪ ಕಾಣುವುದಿಲ್ಲ.

ಕೊನೆಗೆ ಉಳಿದಿದ್ದು ಚಾಸಿಸ್ ಪ್ರಿಂಟ್. ಈ ಕೆಲಸ ನನಗೆ ಎಲ್ಲಕ್ಕಿಂತ ಇಷ್ಟ. ಹ್ಯಾಂಡಲಿನ ಕೆಳಗೆ ಫ್ರೇಮಿನ ಕುತ್ತಿಗೆಯಲ್ಲಿ ನಂಬರ್ ಕೊರೆದಿರುತ್ತದೆ. ಕೇಬಲ್ಲುಗಳು ಅಲ್ಲೇ ಉಜ್ಜುತ್ತವೆ, ಕೆಸರು ಅಲ್ಲೇ ಕೂರುತ್ತದೆ. ಡೀಸೆಲ್ ಬಟ್ಟೆಯಲ್ಲಿ ಒರೆಸಿದೆ, ಏನೂ ಕಾಣಲಿಲ್ಲ. ಹಳೆಯ ಹಲ್ಲುಜ್ಜುವ ಬ್ರಶ್ಶಿನಲ್ಲಿ ಮೆಲ್ಲಗೆ ತಿಕ್ಕಿದೆ. ಇಲ್ಲಿ ಮರಳುಕಾಗದ ಹಾಕಬಾರದು. ಅಕ್ಷರ ಸವೆದರೆ ಗಾಡಿಯ ಗುರುತೇ ಹೋಗುತ್ತದೆ, ನಂಬರ್ ತಿದ್ದಿದ್ದಾರೆ ಅನ್ನುವ ಅನುಮಾನವೂ ಬರುತ್ತದೆ. ಆಮೇಲೆ ತೆಳು ಕಾಗದ ಅಂಟಿಸಿ, ಪೆನ್ಸಿಲನ್ನು ಅಡ್ಡ ಹಿಡಿದು ಹುಡುಗ ಉಜ್ಜುತ್ತಾ ಹೋದ. ಬೂದು ಬಣ್ಣದ ನಡುವೆ ಬಿಳಿ ಗೆರೆಗಳು ಒಂದೊಂದೇ ಎದ್ದವು. ಮೊದಲು 9. ಆಮೇಲೆ 5. "ಮಾವ, ಇದು ಇಸವಿಯಾ?" ಅಂದ. ಅವನು ಹುಟ್ಟುವುದಕ್ಕೆ 11 ವರ್ಷ ಮೊದಲಿನ ಇಸವಿ. ಕಾಗದವನ್ನು ಅಪ್ಪಯ್ಯನಿಗೆ ತೋರಿಸಲು ಜಗಲಿಗೆ ಓಡಿದ.

ಅಪ್ಪಯ್ಯ ಕನ್ನಡಕ ಹಾಕಿ ನೋಡಿದರು. ಪಕ್ಕದ ಮನೆಯವರ ಲಗೇಜ್ ಆಟೋ ಅವತ್ತೇ ಎಫ್‌ಸಿ ಮುಗಿಸಿ ಬಂದಿತ್ತು. ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ಪ್ರತಿ ವರ್ಷ ಆಗಬೇಕು. ಅಪ್ಪಯ್ಯ ಅದನ್ನೇ ನೋಡುತ್ತಾ ಕೇಳಿದರು, "ಅವರಿಗೆ ವರ್ಷಕ್ಕೊಂದು, ನಮಗೆ ಐದು ವರ್ಷಕ್ಕೊಂದು. ಮಳೆ ಇಬ್ಬರಿಗೂ ಒಂದೇ ಅಲ್ವನೋ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತೇ ಒಂದು ನೋಟ್‌ಬುಕ್ ಇಟ್ಟೆ. ಬ್ರೇಕ್ ಬಾಣ, ಕೋನ್ ಸೆಟ್, ಬ್ರೇಕ್ ಲೈಟು, ಸೀರೆ ಗಾರ್ಡು, ಕೇಬಲ್, ಟಯರ್. ಪ್ರತಿ ವರ್ಷ ಆಯುಧ ಪೂಜೆಯ ಹಿಂದಿನ ದಿನ ಬಿಚ್ಚಿ ನೋಡಿ ಬರೆಯುವುದು. ಅದರಲ್ಲಿ ಒಂದು ಸಾಲು ಅಂಡರ್‌ಲೈನ್ ಮಾಡಿದ್ದೇನೆ: ಬೇರೆಯವರ ಕೈಲಿ ಓಡಿಸಿ ಕೇಳುವುದು.

ಎಫ್‌ಸಿ ದಿನ ಬೆಳಿಗ್ಗೆ ಆರಕ್ಕೆ ಹೊರಟೆ. ಮಂಡಗದ್ದೆ ಹತ್ತಿರ ತುಂಗೆಯ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ. ಗಾಜನೂರು ದಾಟಿ ಶಿವಮೊಗ್ಗ ಸೇರುವಾಗ ಬಿಸಿಲು ಬಂತು. ನಮ್ಮ ಕಡೆ ಮೋಟಾರು ವಾಹನ ನಿರೀಕ್ಷಕರಿಗೆ ಈಗಲೂ ಬ್ರೇಕ್ ಇನ್ಸ್‌ಪೆಕ್ಟರ್ ಅಂತಲೇ ಹೇಳುವುದು. ಅದು ಎಷ್ಟು ಸರಿಯಾದ ಹೆಸರು ಅಂತ ಈ ಸಲ ಅನ್ನಿಸಿತು. ಅವರು ಪ್ರಿಂಟಿನ ನಂಬರನ್ನು ಫ್ರೇಮಿನ ಜೊತೆ ಹೋಲಿಸಿದರು. ಲೈಟು, ಇಂಡಿಕೇಟರು, ಹಾರನ್ನು, ಕನ್ನಡಿ ನೋಡಿದರು. ಆಮೇಲೆ ತಾವೇ ಮುಂದಿನ ಬ್ರೇಕ್ ಹಿಡಿದು ಗಾಡಿಯನ್ನು ಮುಂದಕ್ಕೆ ತಳ್ಳಿದರು. ಈ ಗಾಡಿಯನ್ನು ಎಂದೂ ಮುಟ್ಟಿರದ ಕೈ ಅದು. ಮುಂದಿನ ಚಕ್ರ ಕದಲಲಿಲ್ಲ, ಹಿಂಭಾಗ ಸ್ವಲ್ಪ ಎದ್ದು ಕೂತಿತು. "95ರ ಗಾಡಿನಾ ಇದು?" ಅಂದರು. ಹೌದು ಸಾರ್ ಅಂದೆ. ಹತ್ತು ನಿಮಿಷದಲ್ಲಿ ಮುಗಿಯಿತು.

ವಾಪಸ್ ಬರುವಾಗ ಮಂಡಗದ್ದೆ ದಾಟಿದ ಮೇಲೆ ಒಂದು ಕರು ರಸ್ತೆಗೆ ಅಡ್ಡ ಬಂತು. ಹಳೆಯ ಅಭ್ಯಾಸದ ಬಲದಲ್ಲೇ ನಾಲ್ಕೂ ಬೆರಳು ಹಾಕಿ ಹಿಡಿದುಬಿಟ್ಟೆ. ಚಕ್ರ ಕಿರ್ರ್ ಅಂತ ಕಟ್ಟಿಕೊಂಡು ಗಾಡಿ ಅಡ್ಡ ಎಳೆಯಿತು. ಕೂಡಲೇ ಸಡಿಲ ಬಿಟ್ಟು ಕಾಲು ಊರಿದೆ. ಕರು ಬಾಲ ಎತ್ತಿ ಓಡಿತು. ಅಲ್ಲೇ ಬದಿಗೆ ನಿಲ್ಲಿಸಿ ಸುಮ್ನೆ ಐದು ನಿಮಿಷ ಕೂತೆ. ಲಿವರನ್ನು ಹಿಡಿದು ಬಿಟ್ಟು, ಹಿಡಿದು ಬಿಟ್ಟು ನೋಡಿದೆ. ಎರಡೇ ಬೆರಳು ಸಾಕು.

ಇದು ಬರೆಯುವ ಹೊತ್ತಿಗೆ ಮೂರು ವಾರ ಆಗಿದೆ. ಹಲಸಿನ ಮರದ ಹತ್ತಿರ ಬಂದರೆ ಇನ್ನೂ ನಾಲ್ಕೂ ಬೆರಳು ತಾವಾಗಿಯೇ ಲಿವರಿಗೆ ಹೋಗುತ್ತವೆ. ಎರಡನ್ನು ಹಿಂದಕ್ಕೆ ತೆಗೆದು, ನಿಧಾನಕ್ಕೆ ಇಳಿಯುತ್ತೇನೆ.